ಒಂದೇ ಸಾರು, ನಾಲ್ಕು ಸಲ ಬಿಸಿ

ನಮ್ಮ ಮನೆಯಲ್ಲಿ ರಾತ್ರಿ ಹೊತ್ತು ಒಂದೇ ಸಾರು ನಾಲ್ಕು ಸಲ ಬಿಸಿಯಾಗುತ್ತಿತ್ತು. ಏಳೂವರೆಗೆ ಮಗ ತಟ್ಟೆ ಹಿಡಿದುಕೊಂಡು ಟೀವಿ ಮುಂದೆ ಕೂರುತ್ತಿದ್ದ. ಎಂಟಕ್ಕೆ ಅಪ್ಪ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿರುತ್ತಾರಲ್ಲ, ಕಾಯುವ ಹಾಗಿಲ್ಲ. ಒಂಬತ್ತಕ್ಕೆ ಟ್ಯೂಷನ್ ಮುಗಿಸಿ ಬಂದ ಮಗಳು. ಒಂಬತ್ತೂವರೆಗೆ ಟ್ರಾಫಿಕ್ಕನ್ನು ಬೈದುಕೊಂಡು ನಾನು. ಎಲ್ಲರದ್ದೂ ಆದ ಮೇಲೆ ಒಲೆ ಒರೆಸಿ, ದೋಸೆಹಿಟ್ಟು ರುಬ್ಬಿಟ್ಟು, ಹತ್ತು ಗಂಟೆಗೆ ಅಡುಗೆಮನೆ ಕಟ್ಟೆಗೆ ಒರಗಿ ನಿಂತುಕೊಂಡೇ ಉಣ್ಣುತ್ತಿದ್ದವಳು ನನ್ನ ಹೆಂಡತಿ. ಅಷ್ಟು ಹೊತ್ತಿಗೆ ಪಲ್ಯದ ಬಾಣಲೆ ಬರಿದು. ಸೌಟನ್ನು ತಳಕ್ಕೆ ಇಳಿಸಿ ಗಟ್ಟಿ ಎತ್ತಿಕೊಳ್ಳುವ ವಿದ್ಯೆ ನಮಗೆಲ್ಲ ಚೆನ್ನಾಗಿ ಬರುತ್ತದೆ, ಹಾಗಾಗಿ ಅವಳ ಪಾಲಿಗೆ ತಿಳಿ. ಅನ್ನ, ತಿಳಿಸಾರು, ಒಂದು ಹೋಳು ಉಪ್ಪಿನಕಾಯಿ. ಇದನ್ನು ನಾನು ನೋಡಿಯೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದ್ದೆ, ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಹಡಿ ಮೆಟ್ಟಿಲು ಹತ್ತಿದರೆ ಅವಳಿಗೆ ಏದುಸಿರು ಬರತೊಡಗಿತು. ಮಧ್ಯಾಹ್ನವಾದರೆ ತಲೆಸುತ್ತು. ರಕ್ತಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.1. ಗರ್ಭಿಣಿಯಲ್ಲದ ಹೆಂಗಸಿಗೆ ಕಡಿಮೆಯೆಂದರೂ 12 ಇರಬೇಕು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದು, ಪೆನ್ನು ಮುಚ್ಚುತ್ತಾ ಕೇಳಿದರು: "ಮನೇಲಿ ಎಲ್ಲರಿಗಿಂತ ಕೊನೆಗೆ ಊಟ ಮಾಡೋರು ಯಾರಮ್ಮಾ?" ಅವಳು ನಕ್ಕು, "ಇನ್ಯಾರು ಮೇಡಂ, ಮಾಡಿದೋಳೇ" ಅಂದಳು. ನಾನು ಗೋಡೆ ಮೇಲಿದ್ದ ಕ್ಯಾಲೆಂಡರ್ ನೋಡುತ್ತಾ ಕೂತೆ.

ಮನೆಮಂದಿಯೆಲ್ಲ ಕೂತು ಉಣ್ಣಬೇಕು ಎಂದು ಹೇಳುವವರು ಸಾಮಾನ್ಯವಾಗಿ ಪ್ರೀತಿ, ಬಾಂಧವ್ಯ, ಸಂಸ್ಕೃತಿಯ ಮಾತಾಡುತ್ತಾರೆ. ಇರಲಿ. ಆದರೆ ಅದಕ್ಕಿಂತ ಮೊದಲು ಅದು ಪಾಲಿನ ವಿಷಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಕಂಡುಬಂತು. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ. ಇತ್ತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೊರಡಿಸಿದ ಪಟ್ಟಿಯ ಪ್ರಕಾರ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕು, ಹೆಂಗಸಿಗೆ 29 ಬೇಕು. ಅಂದರೆ ಸೊಪ್ಪು, ಕಾಳು ಯಾರಿಗೆ ಒಂದೂವರೆ ಪಾಲು ಹೋಗಬೇಕೋ ಅವರು ಬಾಣಲೆ ಬರಿದಾದ ಮೇಲೆ ಉಣ್ಣಲು ಬರುತ್ತಾರೆ. ರಕ್ತಹೀನತೆಗೆ ಬೇರೆ ಕಾರಣಗಳೂ ಉಂಟು: ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದು, ಹೊಟ್ಟೆಹುಳು, ಬಿ12 ಕೊರತೆ. ಅದನ್ನೆಲ್ಲ ಡಾಕ್ಟರು ನೋಡಿಕೊಳ್ಳುತ್ತಾರೆ. ಬಾಣಲೆಯನ್ನು ನಾವೇ ನೋಡಿಕೊಳ್ಳಬೇಕು. ಐದು ತಟ್ಟೆ ಒಟ್ಟಿಗೆ ಕಣ್ಣೆದುರಿಗಿದ್ದಾಗ ಪಲ್ಯವನ್ನು ನಾಲ್ಕೇ ತಟ್ಟೆಗೆ ಬಡಿಸಿ ಮುಗಿಸಲು ಎಂಥ ದಪ್ಪಚರ್ಮದವನಿಗೂ ಕೈ ಬರುವುದಿಲ್ಲ.

ಮಕ್ಕಳ ಮಟ್ಟಿಗೆ ಇದರ ಲೆಕ್ಕ ಹಾಕಿದವರೂ ಇದ್ದಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆಂಬರ್ ಹ್ಯಾಮನ್ಸ್ ಮತ್ತು ಬಾರ್ಬರಾ ಫೀಸ್ 17 ಅಧ್ಯಯನಗಳನ್ನು ಒಟ್ಟುಗೂಡಿಸಿ, ಸುಮಾರು 1.8 ಲಕ್ಷ ಮಕ್ಕಳ ಮಾಹಿತಿಯನ್ನು ಜಾಲಾಡಿ 2011ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬರೆದರು. ವಾರಕ್ಕೆ ಮೂರು ಸಲವಾದರೂ ಮನೆಯವರ ಜೊತೆ ಕೂತು ಉಣ್ಣುವ ಮಕ್ಕಳಲ್ಲಿ ಅತಿ ತೂಕ ಶೇ. 12ರಷ್ಟು ಕಡಿಮೆ, ಒಳ್ಳೆಯ ಆಹಾರ ತಿನ್ನುವ ಸಾಧ್ಯತೆ ಶೇ. 24ರಷ್ಟು ಹೆಚ್ಚು ಎಂಬುದು ಅದರ ಸಾರ. ಇದನ್ನು ಪೂರ್ತಿ ನಂಬಿ ಕುಣಿಯಬೇಕಿಲ್ಲ. ಒಟ್ಟಿಗೆ ಕೂರಲು ಪುರುಸೊತ್ತಿರುವ ಮನೆಗಳಲ್ಲಿ ದುಡ್ಡು, ಓದು, ನೆಮ್ಮದಿ ಮೊದಲೇ ಸ್ವಲ್ಪ ಹೆಚ್ಚಿರುತ್ತದೆ. ಆದರೂ ನನಗೆ ಅದರಲ್ಲಿ ಹಿಡಿಸಿದ್ದು 'ಮೂರು' ಎಂಬ ಅಂಕಿ. ದಿನಾ ಮೂರು ಹೊತ್ತು ಎಂದಿದ್ದರೆ ನಾನು ಪತ್ರಿಕೆ ಮಡಿಸಿಟ್ಟು ಸುಮ್ಮನಾಗಿಬಿಡುತ್ತಿದ್ದೆ.

ಮಕ್ಕಳಿಗೆ ಸೊಪ್ಪು ತಿನ್ನಿಸಲು ಒಟ್ಟೂಟದಷ್ಟು ಸುಲಭದ ದಾರಿ ನನಗಂತೂ ಕಂಡಿಲ್ಲ. ಹೊಸ ರುಚಿಯೊಂದನ್ನು ಮಗು ಒಪ್ಪಿಕೊಳ್ಳಬೇಕಾದರೆ ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಅದು ತಟ್ಟೆಯಲ್ಲಿ ಕಾಣಿಸಿಕೊಳ್ಳಬೇಕಾಗುತ್ತದೆ. ನಾವು ಮೂರನೇ ಸಲಕ್ಕೆ ಸೋತು "ಅವನಿಗೆ ಮೆಂತ್ಯದ ಸೊಪ್ಪು ಆಗೋದಿಲ್ಲ" ಎಂದು ನೆಂಟರಿಗೆಲ್ಲ ಸಾರಿಬಿಡುತ್ತೇವೆ. ಆ ಮಾತು ಹುಡುಗನ ಕಿವಿಗೆ ಬಿದ್ದರೆ ಮುಗಿಯಿತು, ಅದೇ ಅವನ ಬಿರುದು. ಬಲವಂತ ಬೇಡ, ಲಂಚವೂ ಬೇಡ. 'ಪಲ್ಯ ತಿಂದರೆ ಐಸ್‌ಕ್ರೀಂ' ಎಂದರೆ ಪಲ್ಯ ಶಿಕ್ಷೆ, ಐಸ್‌ಕ್ರೀಂ ಬಹುಮಾನ ಎಂದು ನಾವೇ ಹೇಳಿಕೊಟ್ಟಂತೆ. ಒಂದು ಚಮಚ ಬಡಿಸಿ, ನಮ್ಮ ಪಾಡಿಗೆ ನಾವು ಉಣ್ಣುತ್ತಿದ್ದರೆ ಸಾಕು. ತಾತ ಚಪ್ಪರಿಸಿಕೊಂಡು ತಿನ್ನುವುದನ್ನು ಎದುರಿಗೇ ನೋಡಿದ ಮಗ, ಯಾರೂ ಹೇಳದೆ ಒಂದು ದಿನ ಮೂಸಿದ, ಇನ್ನೊಂದು ದಿನ ನಾಲಿಗೆಗೆ ತಾಗಿಸಿದ. ಟೀವಿ ಮುಂದೆ ಕೂತಿದ್ದಾಗ ಅವನಿಗೆ ತಾತನ ತಟ್ಟೆಯೂ ಕಾಣುತ್ತಿರಲಿಲ್ಲ, ತನ್ನ ತಟ್ಟೆಯೂ ಕಾಣುತ್ತಿರಲಿಲ್ಲ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ. ತೆರೆ ನೋಡುತ್ತಾ ಉಣ್ಣುವವರಿಗೆ ಆ ಸುದ್ದಿ ಇನ್ನೂ ತಡವಾಗಿ ತಿಳಿಯುತ್ತದೆ.

ಹೊತ್ತು ಹೊಂದಿಸುವ ಕಷ್ಟ

ನಾವು ಮೊದಲು ಮಾಡಿದ ತಪ್ಪು, 'ಇನ್ನು ಮೇಲೆ ದಿನಾ ಎಂಟಕ್ಕೆ ಎಲ್ಲರೂ ಹಾಜರು' ಎಂದು ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿದ್ದು. ನಾಲ್ಕನೇ ದಿನಕ್ಕೆ ಚೀಟಿ ಉಳಿಯಿತು, ಹಾಜರಿ ಉಳಿಯಲಿಲ್ಲ. ಆಮೇಲೆ ಕೂತು ವಾರದ ಲೆಕ್ಕ ಹಾಕಿದೆವು. ಮಗಳ ಟ್ಯೂಷನ್ ಇಲ್ಲದ ದಿನ ಮಂಗಳವಾರ, ಗುರುವಾರ. ಆ ಎರಡು ದಿನ ನಾನು ಆಫೀಸಿನಿಂದ ಅರ್ಧ ಗಂಟೆ ಮೊದಲು ಹೊರಡುವುದು. ಶನಿವಾರ ರಾತ್ರಿ, ಭಾನುವಾರ ಎರಡು ಹೊತ್ತು. ಒಟ್ಟು ಐದು ಊಟ. ಅಪ್ಪನ ಹೊತ್ತು ಮಾತ್ರ ಯಾವ ಕಾರಣಕ್ಕೂ ಜರುಗಿಸುವ ಹಾಗಿಲ್ಲ. ಮಾತ್ರೆಯೋ ಇನ್ಸುಲಿನ್ನೋ ತೆಗೆದುಕೊಂಡವರನ್ನು 'ಎಲ್ಲ ಬರಲಿ' ಎಂದು ಕಾಯಿಸಿದರೆ ಸಕ್ಕರೆ ದಿಢೀರನೆ ಇಳಿದು ಬೆವರಿ, ಕೈ ನಡುಗಿ, ಕುಸಿದುಬಿಡಬಹುದು. ಆದ್ದರಿಂದ ಉಳಿದವರು ಅವರ ಎಂಟು ಗಂಟೆಗೆ ಹೊಂದಿಕೊಳ್ಳಬೇಕು. ನಾವು ಒಬ್ಬರು ಇಬ್ಬರು ತಪ್ಪಿಸಿಕೊಂಡ ದಿನ ಹೆಂಡತಿ ಅಪ್ಪನ ಜೊತೆಗೇ ಕೂತು ಉಂಡುಬಿಡುತ್ತಾಳೆ. ತಡವಾಗಿ ಬಂದವರು ತಾವೇ ಬಿಸಿ ಮಾಡಿಕೊಂಡು, ತಮ್ಮ ತಟ್ಟೆ ತಾವು ತೊಳೆದಿಡಬೇಕು. ಈ ನಿಯಮ ಬಂದಂದಿನಿಂದ ನಾನು ಬೇಗ ಬರುವುದನ್ನು ಕಲಿತೆ.

ರಾತ್ರಿಪಾಳಿ ಇರುವ ಮನೆಗಳಿಗೆ, ಗಾರ್ಮೆಂಟ್ಸ್‌ಗೆ ಬೆಳಗ್ಗೆ ಏಳಕ್ಕೆ ವ್ಯಾನ್ ಹಿಡಿಯುವವರಿಗೆ ಈ ಲೆಕ್ಕ ಹೊಂದದು. ಅಂಥವರು ತಿಂಡಿಯನ್ನೋ ಸಂಜೆ ಆರರ ಊಟವನ್ನೋ ಆರಿಸಿಕೊಳ್ಳಬಹುದು. ಇಬ್ಬರೇ ಇರುವ ಮನೆಯಲ್ಲೂ ಇದು ಒಟ್ಟೂಟವೇ.

ದಿನಸಿ ಚೀಟಿ ಹೇಳುವ ಜಾತಕ

ಎಲ್ಲರೂ ಕೂತ ಮೇಲೆ ತಟ್ಟೆಯಲ್ಲಿ ಏನಿರಬೇಕು ಎಂಬುದು ಮುಂದಿನ ಪ್ರಶ್ನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಭಾರತೀಯರಿಗೆಂದು 17 ಆಹಾರ ಸೂಚನೆಗಳನ್ನು ಹೊರಡಿಸಿತು. ಹೆಚ್ಚು ಮೈಮುರಿಯದ ಕೆಲಸದ, ದಿನಕ್ಕೆ 2000 ಕ್ಯಾಲರಿ ಸಾಕಾಗುವ ಒಬ್ಬರಿಗೆ ಅದು ಹಾಕಿಕೊಟ್ಟ ದಿನದ ಲೆಕ್ಕ ಹೀಗಿದೆ: ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿಲೀಟರ್, ಕಡಲೆಬೀಜ, ಎಳ್ಳಿನಂಥವು 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ. ಮೊಟ್ಟೆ ಮೀನು ಮಾಂಸ ತಿನ್ನುವವರು ಬೇಳೆಯ ಒಂದು ಪಾಲನ್ನು ಅದಕ್ಕೆ ಬಿಟ್ಟುಕೊಡಬಹುದು.

ಗ್ರಾಂ ಲೆಕ್ಕ ಹಿಡಿದುಕೊಂಡು ಯಾರೂ ಅಡುಗೆ ಮಾಡುವುದಿಲ್ಲ. ಅಡುಗೆಮನೆಯಲ್ಲಿ ತಕ್ಕಡಿ ಇಟ್ಟರೆ ಮೂರು ದಿನಕ್ಕೆ ಧೂಳು ಹಿಡಿಯುತ್ತದೆ. ನಾನು ಬೇರೆ ದಾರಿ ಹಿಡಿದೆ. ತಿಂಗಳ ದಿನಸಿ ಚೀಟಿ ತೆಗೆದುಕೊಂಡು, ಮೇಲಿನ ಅಂಕಿಗಳನ್ನು ಐದು ಜನಕ್ಕೆ, ಮೂವತ್ತು ದಿನಕ್ಕೆ ಗುಣಿಸಿದೆ. ಒಮ್ಮೆ ನೀವೂ ಮಾಡಿ ನೋಡಿ, ರಕ್ತಪರೀಕ್ಷೆಯ ವರದಿಗಿಂತ ಸ್ಪಷ್ಟವಾಗಿ ಮನೆಯ ಆರೋಗ್ಯ ಹೇಳುತ್ತದೆ.

ಧಾನ್ಯ ಮೂವತ್ತೇಳೂವರೆ ಕಿಲೋ ಬೇಕು. ನಮ್ಮ ಚೀಟಿಯಲ್ಲಿ 25 ಕಿಲೋದ ಅಕ್ಕಿ ಮೂಟೆ, ರಾಗಿಹಿಟ್ಟು, ಗೋಧಿಹಿಟ್ಟು, ರವೆ, ಅವಲಕ್ಕಿ, ಶ್ಯಾವಿಗೆ, ದೋಸೆ ಅಕ್ಕಿ ಸೇರಿ 42 ಕಿಲೋ. ಸರಿ, ಹೆಚ್ಚು ವ್ಯತ್ಯಾಸವಿಲ್ಲ. ಬೇಳೆಕಾಳಿಗೆ ಬಂದಾಗ ನನ್ನ ಗುಣಾಕಾರವೇ ತಪ್ಪಿರಬೇಕು ಎಂದು ಇನ್ನೊಮ್ಮೆ ಮಾಡಿದೆ. ಬೇಕಾದದ್ದು 12 ಕಿಲೋ ಮುಕ್ಕಾಲು. ನಾವು ತರುತ್ತಿದ್ದದ್ದು ತೊಗರಿಬೇಳೆ ಮೂರು ಕಿಲೋ, ಉದ್ದು ಒಂದು, ಹೆಸರುಕಾಳು ಒಂದು, ಕಡಲೆಕಾಳು ಅರ್ಧ. ಒಟ್ಟು ಐದೂವರೆ. ದಿನಾ ಸಾರು ಮಾಡುವ ಮನೆ ನಮ್ಮದು, ಬೇಳೆ ಬೇಕಾದಷ್ಟು ತಿನ್ನುತ್ತೇವೆ ಎಂದೇ ಎಲ್ಲರ ನಂಬಿಕೆ. ಐದು ಜನದ ಸಾರಿಗೆ ಬೀಳುತ್ತಿದ್ದದ್ದು ಒಂದು ಹಿಡಿ ಬೇಳೆ. ಉಳಿದದ್ದು ಹುಣಸೆಹಣ್ಣು, ಸಾರಿನ ಪುಡಿ ಮತ್ತು ಕಾವೇರಿ ನೀರು. ಕಡಲೆಬೀಜ ಐದು ಕಿಲೋ ಬೇಕಾದಲ್ಲಿ ಚಿತ್ರಾನ್ನಕ್ಕೆಂದು ಅರ್ಧ ಕಿಲೋ. ತರಕಾರಿ ದಿನಕ್ಕೆ ಎರಡು ಕಿಲೋ ಬೇಕು, ತರುತ್ತಿದ್ದದ್ದು ಮುಕ್ಕಾಲು ಕಿಲೋ, ಅದರಲ್ಲೂ ಆಲೂಗಡ್ಡೆಯದೇ ಕಾರುಬಾರು. ಎಣ್ಣೆ ನಾಲ್ಕು ಕಿಲೋ ಮಿತಿ, ತರುತ್ತಿದ್ದದ್ದು ಆರು ಪ್ಯಾಕೆಟ್. ಸಕ್ಕರೆ ಒಬ್ಬರಿಗೆ ದಿನಕ್ಕೆ 25 ಗ್ರಾಂ ಮೇಲ್ಮಿತಿ. ಐದು ಜನಕ್ಕೆ ತಿಂಗಳಿಗೆ ಮೂರೂ ಮುಕ್ಕಾಲು ಕಿಲೋ, ಬಿಸ್ಕತ್ತು, ಬೇಕರಿ ತಿಂಡಿಯಲ್ಲಿ ಅಡಗಿದ್ದೂ ಸೇರಿ. ನಮ್ಮ ಡಬ್ಬದಲ್ಲಿ ಕಾಣುವ ಸಕ್ಕರೆಯೇ ಐದು ಕಿಲೋ ಇತ್ತು.

ಎಲ್ಲಕ್ಕಿಂತ ಸುಲಭದ ಪರೀಕ್ಷೆ ಉಪ್ಪಿನದು. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಮೀರಬಾರದು. ಐದು ಜನರ ಮನೆಯಲ್ಲಿ ಒಂದು ಕಿಲೋ ಪೊಟ್ಟಣ 40 ದಿನ ಬರಬೇಕು. ನಾಲ್ಕು ಜನವಾದರೆ 50 ದಿನ. ಪೊಟ್ಟಣ ಕತ್ತರಿಸಿದ ದಿನ ಅದರ ಮೇಲೆ ಮಾರ್ಕರಿನಲ್ಲಿ ತಾರೀಖು ಬರೆದಿಟ್ಟರಾಯಿತು. ನಮ್ಮ ಮೊದಲ ಪೊಟ್ಟಣ 26 ದಿನಕ್ಕೆ ಮುಗಿಯಿತು. ಹಪ್ಪಳ, ಚಿಪ್ಸು, ಅಂಗಡಿ ಉಪ್ಪಿನಕಾಯಿಯ ಉಪ್ಪು ಇದಕ್ಕೆ ಸೇರಿಲ್ಲ.

ದುಡ್ಡಿನ ಮಾತೂ ಬಂತು. ಬೇಳೆ ಹೆಚ್ಚಿಸಿದರೆ ಚೀಟಿಯ ಮೊತ್ತ ಏರುವುದಿಲ್ಲವೇ? ಏರುತ್ತದೆ. ಎರಡು ಪ್ಯಾಕೆಟ್ ಎಣ್ಣೆ, ಎರಡು ಕಿಲೋ ಸಕ್ಕರೆ, ಬಿಸ್ಕತ್ತು, ಕುರುಕಲು, ವಾರಕ್ಕೆರಡು ಸಲ ಮೊಬೈಲಿನಲ್ಲಿ ಆರ್ಡರ್ ಮಾಡುತ್ತಿದ್ದ ಫ್ರೈಡ್‌ರೈಸ್ ಕಡಿಮೆ ಮಾಡಿದ ಮೇಲೆ ನಮ್ಮಲ್ಲಿ ಅದು ಸರಿದೂಗಿತು. ಮೊದಲೇ ಬಿಗಿ ಕೈಯಲ್ಲಿ ನಡೆಯುವ ಮನೆಗೆ ನನ್ನ ಈ ಲೆಕ್ಕ ಒಪ್ಪದಿರಬಹುದು. ಅಂಥಲ್ಲಿ ಹುರುಳಿಕಾಳು, ಕಡಲೆಬೀಜ, ಮೊಟ್ಟೆ ಮೂರೂ ಕೊಟ್ಟ ಕಾಸಿಗೆ ಮೋಸ ಮಾಡದವು. ನುಗ್ಗೆಸೊಪ್ಪಂತೂ ಊರುಗಳಲ್ಲಿ ಬೇಲಿ ಮೇಲೇ ಸಿಗುತ್ತದೆ.

ಒಂದು ಬಸ್ಸಾರು, ಐದು ತಟ್ಟೆ

ಮನೆಯಲ್ಲಿ ಒಬ್ಬರಿಗೆ ಸಕ್ಕರೆ, ಇನ್ನೊಬ್ಬರಿಗೆ ರಕ್ತ ಕಡಿಮೆ, ಒಬ್ಬ ಬೆಳೆಯುವ ಹುಡುಗ. ಹೀಗಿರುವಾಗ ಒಬ್ಬೊಬ್ಬರಿಗೂ ಬೇರೆ ಅಡುಗೆ ಮಾಡಬೇಕೇ ಎಂಬುದೇ ಅಡುಗೆ ಮಾಡುವವರ ಭಯ. ಬೇಕಿಲ್ಲ. ತುಮಕೂರು, ಮಂಡ್ಯ, ಹಾಸನದ ಕಡೆಯವರಿಗೆ ಉತ್ತರ ಗೊತ್ತೇ ಇದೆ, ಬಸ್ಸಾರು. ನಮ್ಮ ಮಂಗಳವಾರದ ಅಡುಗೆ ಅದೇ.

ಕಾಲು ಕಿಲೋ ಹೆಸರುಕಾಳನ್ನು ಬೆಳಗ್ಗೆಯೇ ನೆನೆಹಾಕಿರುತ್ತೇವೆ. ಎರಡು ದೊಡ್ಡ ಕಟ್ಟು ದಂಟಿನಸೊಪ್ಪು, ಸಿಕ್ಕಿದರೆ ಬೆರಕೆಸೊಪ್ಪು. ಸೊಪ್ಪು ಸೋಸುವ ಕೆಲಸ ಅಪ್ಪನದು, ಪೇಪರ್ ಹರಡಿಕೊಂಡು ಸಂಜೆ ಐದಕ್ಕೇ ಶುರು. ಕಾಳು ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಬಣ್ಣ ಕೆಡದಂತೆ ಬೇಯಿಸಿ, ತೂತಿನ ಪಾತ್ರೆಗೆ ಸುರಿದರೆ ಕೆಳಗೆ ಕಟ್ಟು, ಮೇಲೆ ಪಲ್ಯ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಧನಿಯ, ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಕಾಯಿತುರಿ, ಹುಣಸೆಹಣ್ಣು, ಬೆಂದ ಕಾಳುಸೊಪ್ಪು ಒಂದು ಸೌಟು ಸೇರಿಸಿ ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸಿದರೆ ಸಾರಾಯಿತು. ಮೇಲೆ ಉಳಿದದ್ದಕ್ಕೆ ಸಾಸಿವೆ, ಬೆಳ್ಳುಳ್ಳಿ ಒಗ್ಗರಣೆ. ಸೊಪ್ಪಿನಲ್ಲಿರುವ ಫೋಲೇಟ್, ಸಿ ಜೀವಸತ್ವ, ಪೊಟಾಸಿಯಂ ನೀರಿನಲ್ಲಿ ಕರಗುವಂಥವು; ಬೇಯುವಾಗ ಒಂದಷ್ಟು ನೀರಿಗೆ ಇಳಿದುಬಿಡುತ್ತವೆ. ಆ ನೀರನ್ನೇ ಸಾರು ಮಾಡುವ ಉಪಾಯವನ್ನು ಯಾರು ಮೊದಲು ಕಂಡುಕೊಂಡರೋ, ಸೊಪ್ಪು ಬಸಿದು ನೀರನ್ನು ಸಿಂಕಿಗೆ ಚೆಲ್ಲುವವರನ್ನು ಕಂಡಾಗಲೆಲ್ಲ ನನಗೆ ಆ ಅಜ್ಞಾತ ಅಜ್ಜಿಯ ನೆನಪಾಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮಾತ್ರ ಲೆಕ್ಕ ತಿರುಗುಮುರುಗು. ಅವರಿಗೆ ಆ ಪೊಟಾಸಿಯಮ್ಮೇ ತೊಂದರೆ ಕೊಡಬಹುದು, ಕಾಳಿನ ಪ್ರಮಾಣಕ್ಕೂ ಕಡಿವಾಣ ಇರಬಹುದು. ಡಾಕ್ಟರನ್ನು ಕೇಳದೆ ಅವರ ತಟ್ಟೆಗೆ ಬಸ್ಸಾರು ಬೇಡ.

ಮುದ್ದೆ ನನ್ನ ಪಾಲಿನ ಕೆಲಸ. ಕಲಿಯುವಾಗ ಎರಡು ವಾರ ಮನೆಯವರು ಗಂಟುಗಳನ್ನು ನುಂಗಿದರು. ಎಸರಿಗೆ ಮೊದಲು ಒಂದು ಚಮಚ ಹಿಟ್ಟನ್ನು ಕದಡಿ ಹಾಕಬೇಕು, ಕುದಿ ಬಂದ ಮೇಲೆ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೈಯಾಡಿಸದೆ ಐದಾರು ನಿಮಿಷ ಬೇಯಲು ಬಿಡಬೇಕು, ಆಮೇಲೆಯೇ ಕೋಲು ಹಾಕಿ ತಿರುವಬೇಕು. ನಾನು ಸುರಿದ ಕೂಡಲೇ ತಿರುವಿಬಿಡುತ್ತಿದ್ದೆ. ಅಪ್ಪ ಮುದ್ದೆ ಮುರಿದು ಒಳಗಿನ ಬಿಳಿ ಹಿಟ್ಟು ತೋರಿಸಿ, "ಇದು ಮುದ್ದೆಯಲ್ಲ ಕಣಪ್ಪ, ಕಡಬು. ಒಳಗೆ ಹೂರಣ ಇದೆ" ಎನ್ನುತ್ತಿದ್ದರು.

ಈಗ ತಟ್ಟೆಗಳು. ಅಪ್ಪನಿಗೆ ಮುದ್ದೆ ಚಿಕ್ಕದು, ಪಲ್ಯ ಎರಡು ಸೌಟು, ಅನ್ನ ನೆಪಕ್ಕೆ. ರಾಗಿ ಎಂದರೆ ಸಕ್ಕರೆ ಕಾಯಿಲೆಯವರು ಎಷ್ಟು ಬೇಕಾದರೂ ತಿನ್ನಬಹುದು ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಹಾಗಿಲ್ಲ. ರಾಗಿಯೂ ಹೆಚ್ಚಿನಂಶ ಪಿಷ್ಟವೇ. ದೊಡ್ಡ ಮುದ್ದೆ ಎರಡು ಇಳಿಸಿದರೆ ಮೀಟರಿನ ಅಂಕಿ ಏರದೆ ಇರುವುದಿಲ್ಲ. ಅವರು ಇನ್ನೊಂದು ಅಭ್ಯಾಸ ಮಾಡಿಕೊಂಡಿದ್ದಾರೆ: ಮೊದಲು ಪಲ್ಯ, ಕೋಸಂಬರಿ ತಿಂದು ಆಮೇಲೆ ಮುದ್ದೆಗೆ ಕೈ ಹಾಕುವುದು. ನಾರು ಮತ್ತು ಪ್ರೋಟೀನು ಮೊದಲು ಹೊಟ್ಟೆ ಸೇರಿದರೆ ಊಟದ ನಂತರ ಸಕ್ಕರೆ ಅಷ್ಟು ಜಿಗಿಯುವುದಿಲ್ಲ. ಬಾಳೆಎಲೆ ಊಟದಲ್ಲಿ ಕೋಸಂಬರಿ, ಪಲ್ಯ ಬಡಿಸಿದ ಮೇಲೇ ಅನ್ನ ಬರುವುದನ್ನು ನೆನೆಸಿಕೊಳ್ಳಿ. ನಾವು ಮಾತ್ರ ಅನ್ನ ಬರಲಿ ಎಂದು ಕೋಸಂಬರಿಯನ್ನು ಕಾಯಿಸುತ್ತೇವೆ. 2023ರಲ್ಲಿ ಪ್ರಕಟವಾದ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ, 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿ ಎಂದು ಅಂದಾಜು ಮಾಡಿತು. ಅಂದರೆ ಅಪ್ಪನ ತಟ್ಟೆ ಪಥ್ಯದ ತಟ್ಟೆಯೆಂದು ಬೇರೆ ಇಡಬೇಕಿಲ್ಲ, ನನ್ನ ತಟ್ಟೆಯೂ ಅದೇ ಮಾದರಿಯಲ್ಲಿದ್ದರೆ ಕ್ಷೇಮ.

ಹೆಂಡತಿಯ ತಟ್ಟೆಗೆ ಪಲ್ಯದ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡುತ್ತೇವೆ. ಸೊಪ್ಪುಕಾಳಿನ ಕಬ್ಬಿಣಾಂಶ ಸುಲಭವಾಗಿ ಮೈಗೆ ಹತ್ತುವಂಥದ್ದಲ್ಲ. ಸಿ ಜೀವಸತ್ವ ಜೊತೆಗಿದ್ದರೆ ಮೈ ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ. ಬಿಸಿಗೆ ಸಿ ಜೀವಸತ್ವ ಹಾಳಾಗುವುದರಿಂದ ಒಲೆ ಮೇಲಿರುವಾಗ ಹಿಂಡಿದರೆ ಪ್ರಯೋಜನ ಕಡಿಮೆ, ತಟ್ಟೆಯಲ್ಲೇ ಹಿಂಡಬೇಕು. ಮಗಳದೂ ಹೀಗೇ. ಮಗನ ಮುದ್ದೆಗೆ ಒಂದು ಚಮಚ ತುಪ್ಪ, ಪಕ್ಕದಲ್ಲಿ ಬೇಯಿಸಿದ ಮೊಟ್ಟೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಇಪ್ಪತ್ತನೇ ಒಂದು ಪಾಲೂ ಇಲ್ಲ. ಮೂಳೆ ಬೆಳೆಯುವ ವಯಸ್ಸಿನವರಿಗೆ ಮುದ್ದೆ ಒಗ್ಗದಿದ್ದರೆ ರಾಗಿರೊಟ್ಟಿ, ರಾಗಿದೋಸೆ, ಅಂಬಲಿ ಹೇಗಾದರೂ ಸರಿ. ತಂಗಿ ತನ್ನ ಹತ್ತು ತಿಂಗಳ ಮಗು ಕರೆದುಕೊಂಡು ಬಂದ ದಿನ, ಖಾರ ಉಪ್ಪು ಬೀಳುವ ಮೊದಲೇ ಬೆಂದ ಕಾಳುಸೊಪ್ಪನ್ನು ಎರಡು ಚಮಚ ತೆಗೆದಿಟ್ಟು, ಅನ್ನದ ಜೊತೆ ನುಣ್ಣಗೆ ಕಿವುಚಿ, ತುಪ್ಪ ಹಾಕಿದರೆ ಅದರ ಊಟವೂ ಆಯಿತು. ವರ್ಷ ತುಂಬದ ಮಕ್ಕಳಿಗೆ ಉಪ್ಪು ಸಕ್ಕರೆ ಎರಡೂ ಬೇಡ.

ಕಾಲು ಕಿಲೋ ಕಾಳು ಐದು ತಟ್ಟೆಗೆ ಹಂಚಿದರೆ ತಲೆಗೆ 50 ಗ್ರಾಂ. ದಿನದ 85ರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಹೊತ್ತಿಗೆ.

ಬಸ್ಸಾರು ನಮ್ಮ ಕಡೆಯದ್ದಾಯಿತು. ಧಾರವಾಡ, ವಿಜಯಪುರದ ಮನೆಗಳಲ್ಲಿ ಜೋಳದ ರೊಟ್ಟಿ, ಮಡಕೆಕಾಳಿನ ಪಲ್ಯ, ಹಸಿ ಮೆಂತ್ಯ, ಹಸಿ ಈರುಳ್ಳಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು ಇಟ್ಟ ತಟ್ಟೆಗೆ ನಾನು ಏನನ್ನೂ ಸೇರಿಸಲಾರೆ. ಪೋಷಣೆ ಸಂಸ್ಥೆಯ ಪಟ್ಟಿಯಲ್ಲಿರುವ ಹೆಚ್ಚಿನದೆಲ್ಲ ಅಲ್ಲಿ ಆಗಲೇ ಇದೆ. ಕರಾವಳಿಯ ಕುಚ್ಚಲಕ್ಕಿ ಗಂಜಿಗೆ ಹೆಸರುಕಾಳಿನ ಪಲ್ಯವೋ ಬಂಗುಡೆ ಸಾರೋ ಜೊತೆಯಾದರೆ ಸಾಕು. ಉಪ್ಪಿನಕಾಯಿ ಮಾತ್ರ ಜೊತೆಯಾದರೆ ಸಾಲದು. ಮಲೆನಾಡಿನವರು ಒಂದೆಲಗ, ದೊಡ್ಡಪತ್ರೆಯ ತಂಬುಳಿ ಬಿಡದಿದ್ದರೆ ಸರಿ. ಕೆಟ್ಟಿರುವುದು ಅಡುಗೆಯ ಬಗೆಯಲ್ಲ, ಅಳತೆ. ಅನ್ನ ಗುಡ್ಡದಷ್ಟು, ಪಲ್ಯ ಕುಂಕುಮದಷ್ಟು. ನಾವು ಅನ್ನದ ಸೌಟನ್ನು ಪಲ್ಯಕ್ಕೂ, ಪಲ್ಯದ ಚಮಚವನ್ನು ಅನ್ನಕ್ಕೂ ಅದಲುಬದಲು ಮಾಡಿದೆವು. ಮಕ್ಕಳಿಗೆ ಮೊದಲು ತಮಾಷೆ, ಆಮೇಲೆ ಅಭ್ಯಾಸ.

ಕೆಲವು ಕಿರಿಕಿರಿಗಳು

ಊಟವಾದ ಕೂಡಲೇ ಕಾಫಿ ಕುಡಿಯುವ ಚಟ ನನ್ನದು. ಕಾಫಿ, ಟೀಯಲ್ಲಿರುವ ಟ್ಯಾನಿನ್ ಕಬ್ಬಿಣಾಂಶವನ್ನು ಹಿಡಿದುಕೊಂಡು ಮೈಗೆ ಹತ್ತದಂತೆ ಮಾಡುತ್ತದೆ. ಊಟಕ್ಕೆ ಮೊದಲೂ ಆಮೇಲೂ ಒಂದು ಗಂಟೆ ಬಿಡಿ ಎನ್ನುತ್ತದೆ ಪೋಷಣೆ ಸಂಸ್ಥೆ. ಕಬ್ಬಿಣದ ಮಾತ್ರೆ ನುಂಗುವವರಿಗಂತೂ ಇದು ಕಡ್ಡಾಯ. ಇಡ್ಲಿ ತಿಂದು ಕಾಫಿ ಕುಡಿಯದ ಬೆಂಗಳೂರಿಗ ಎಲ್ಲಿ ಸಿಗುತ್ತಾನೆ ಹೇಳಿ! ನಾನು ರಾತ್ರಿಯದನ್ನು ಬಿಟ್ಟೆ, ಬೆಳಗಿನದರ ವಿಷಯ ಕೇಳಬೇಡಿ.

ಇನ್ನೊಂದು, ಸಿರಿಧಾನ್ಯದ ಗುಂಗು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲೆ ನವಣೆ, ಸಾಮೆ, ಊದಲು, ಕೊರಲೆ ಅಂಗಡಿಯ ಮುಂದಿನ ಸಾಲಿಗೆ ಬಂದವು. ಸಂತೋಷ. ಆದರೆ ಸಾಮೆ ಲಾಡು, ರಾಗಿ ಬಿಸ್ಕತ್ತು, ನವಣೆ ನೂಡಲ್ಸ್ ಎಂದು ಕೊಳ್ಳುವಾಗ ಪೊಟ್ಟಣ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಎಷ್ಟೋ ಸಲ ಮೊದಲ ಎರಡು ಹೆಸರು ಮೈದಾ ಮತ್ತು ಸಕ್ಕರೆಯದಾಗಿರುತ್ತದೆ. ಸಕ್ಕರೆ ಸುರಿದು ಮಾಡಿದ ರಾಗಿಮಾಲ್ಟೂ ಅದೇ ಜಾತಿ.

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ನನಗೆ ಮೊದಲಿಂದಲೂ ಇಷ್ಟ. ಈಚೆಗೆ ಅದರಲ್ಲೊಂದು ಕೊರತೆ ಕಾಣುತ್ತಿದೆ, ಅಡುಗೆ ಬಲ್ಲವಳ ಪ್ರಸ್ತಾಪವೇ ಇಲ್ಲ. ಒಳ್ಳೆಯ ಊಟ ಎಂದು ಪಟ್ಟಿ ಉದ್ದ ಮಾಡುತ್ತಾ ಹೋದರೆ ಅಷ್ಟೂ ಕೆಲಸ ಬೀಳುವುದು ಒಬ್ಬಳ ತಲೆ ಮೇಲೆ. ಕಾಳು ನೆನೆಸುವುದು, ಸೊಪ್ಪು ಸೋಸುವುದು, ಕಾಯಿ ತುರಿಯುವುದು ಇವು ಸುಸ್ತಾಗಿಸುವ ಕೆಲಸಗಳು. ಒಗ್ಗರಣೆ ಹಾಕುವುದು ಎರಡು ನಿಮಿಷದ್ದು. ಮೊದಲಿನವನ್ನು ಹಂಚದೆ 'ನಾನೂ ಅಡುಗೆಗೆ ಸಹಾಯ ಮಾಡುತ್ತೇನೆ' ಎನ್ನುವ ಗಂಡಸರನ್ನು ನಂಬಬೇಡಿ. ನಾನು ಹಾಗೇ ಇದ್ದೆ. ಭಾನುವಾರ ಮಧ್ಯಾಹ್ನ ಒಂದು ಗಂಟೆ ನಾವೆಲ್ಲ ಕೂತು ವಾರದ ಬೆಳ್ಳುಳ್ಳಿ ಸುಲಿದು, ಕಾಯಿ ತುರಿದು ಡಬ್ಬಿ ತುಂಬಿಡುತ್ತೇವೆ. ಕಾಳು ನೆನೆಹಾಕುವುದು ಮಗನ ಕೆಲಸ. ಮರೆತರೆ ಆ ದಿನ ಮೊಳಕೆಕಾಳಿಲ್ಲ, ಬರೀ ಬೇಳೆ. ಅದನ್ನು ಎಲ್ಲರಿಗೂ ಅವನೇ ತಿಳಿಸಬೇಕು.

ನಾಲ್ಕು ತಿಂಗಳ ಮೇಲೆ ಹೆಂಡತಿಯ ಹಿಮೋಗ್ಲೋಬಿನ್ 11.4ಕ್ಕೆ ಬಂತು. ಅದರಲ್ಲಿ ಮಾತ್ರೆಯ ಪಾಲೇ ದೊಡ್ಡದು. ಅಷ್ಟು ಕೆಳಗಿಳಿದದ್ದನ್ನು ಬರೀ ಸೊಪ್ಪಿನಿಂದ ಎತ್ತಲಾಗದು, ಮಾತ್ರೆ ನಿಲ್ಲಿಸಬೇಡಿ ಎಂದು ಡಾಕ್ಟರು ಹೇಳಿದರು. ಮಾತ್ರೆ ನಿಂತ ಮೇಲೆ ಅದು ಮತ್ತೆ ಇಳಿಯದಂತೆ ನೋಡಿಕೊಳ್ಳುವುದು ಬಾಣಲೆಯ ಕೆಲಸವಂತೆ.

ಮೊನ್ನೆ ಗುರುವಾರ ಊಟದ ನಡುವೆ ಉಪ್ಪಿನ ಪೊಟ್ಟಣ ಮುಗಿಯಿತು. ಮಗಳು ಎದ್ದುಹೋಗಿ ಮಾರ್ಕರಿನಲ್ಲಿ ಬರೆದ ತಾರೀಖು ಓದಿ, ಬೆರಳು ಮಡಚಿ ಎಣಿಸಿದಳು. 37 ದಿನ. "ಇನ್ನು ಮೂರೇ ದಿನ ಸಾಲದು ತಾತ" ಅಂದಳು. ಎಲ್ಲರ ಕಣ್ಣೂ ಒಟ್ಟಿಗೆ ಹೋಯಿತು, ಅಪ್ಪನ ಮೊಣಕೈ ಮರೆಯಲ್ಲಿದ್ದ ಮಾವಿನಮಿಡಿ ಉಪ್ಪಿನಕಾಯಿಯ ಜಾಡಿಯ ಕಡೆಗೆ. ಅಪ್ಪ ಮುದ್ದೆ ಮುರಿಯುತ್ತಾ, "ಅದರ ಉಪ್ಪು ಪೊಟ್ಟಣದ್ದಲ್ಲಮ್ಮ, ಕಲ್ಲುಪ್ಪು" ಎಂದರು.